ಮಜ್ಜಿಗೆ ಹುಲ್ಲಿನ ಎಣ್ಣೆ ತೆಗೆಯುವ 500 ಲೀಟರ್ ಯೂನಿಟ್: ಮೂರು ವರ್ಷ ಬಳಸಿದ ಮೇಲೆ

ಸಕಲೇಶಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಪಕ್ಕದ ಅರ್ಧ ಎಕರೆ ಇಳಿಜಾರಿನಲ್ಲಿ ಏನು ಹಾಕಿದರೂ ಆನೆ, ಹಂದಿ ಬಿಡುತ್ತಿರಲಿಲ್ಲ. ಕೊನೆಗೆ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ನೆಟ್ಟೆವು. ದನ ಕೂಡ ಮೂಸಿ ನೋಡಿ ಮುಂದೆ ಹೋಗುತ್ತೆ. ಹುಲ್ಲನ್ನು ಆವಿಯಲ್ಲಿ ಬೇಯಿಸಿ ಎಣ್ಣೆ ತೆಗೆಯಲು ತುಕ್ಕು ಹಿಡಿಯದ 304 ಸ್ಟೀಲಿನ ಯೂನಿಟ್ ತಂದೆವು, ಕೆಳಗೆ ಒಲೆ, ಒಳಗೆ ತೂತಿನ ತಟ್ಟೆ, ಸಾಗಣೆ ಎಲ್ಲಾ ಸೇರಿ 1.6 ಲಕ್ಷ ಆಯ್ತು.

ಮಾರಿದವರು ಹೇಳಿದ್ದು, "ಸಾರ್, ನೂರು ಕೆಜಿ ಹುಲ್ಲಿಗೆ ಒಂದು ಕೆಜಿ ಎಣ್ಣೆ ಗ್ಯಾರಂಟಿ." ಮೂರು ವರ್ಷದಲ್ಲಿ ಒಂದು ದಿನವೂ ಬಂದಿಲ್ಲ. ನಮಗೆ ಸಿಗೋದು 450ರಿಂದ 600 ಗ್ರಾಂ, ಮಳೆಗಾಲದ ಹುಲ್ಲಾದರೆ ಅದಕ್ಕೂ ಕಡಿಮೆ. ಈ ಹುಲ್ಲಿಗೆ ಅಷ್ಟೇ ಸಹಜ. ಅದನ್ನು ಮೊದಲೇ ಹೇಳಿದ್ದರೆ ನಾನು ಲೆಕ್ಕವನ್ನು ಬೇರೆ ಥರ ಹಾಕುತ್ತಿದ್ದೆ, ಅದೇ ಬೇಜಾರು.

ಮೊದಲ ವರ್ಷ ಒಂದು ತೊಟ್ಟೂ ಬಿಡಬಾರದು ಅಂತ ಮೂರು ಗಂಟೆ ಪೂರ್ತಿ ಬೇಯಿಸುತ್ತಿದ್ದೆ. ಆಮೇಲೆ ಒಂದು ದಿನ ಆರು ಬಾಟಲಿ ಇಟ್ಟುಕೊಂಡು ಕೂತೆ. ಹನಿ ಶುರುವಾದ ಮೇಲೆ ಅರ್ಧ ಗಂಟೆಗೊಂದು ಬಾಟಲಿ. ಮೊದಲನೆಯದರಲ್ಲಿ 260 ಮಿಲಿ, ಎರಡನೆಯದರಲ್ಲಿ 150, ಆಮೇಲೆ 80, 35, ಕೊನೆಯ ಎರಡರಲ್ಲಿ 15 ಮತ್ತು 10. ಆ ಕೊನೆಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದರೆ ಹಳದಿ ಗೆರೆ ಎಳೆದ ಹಾಗಿತ್ತು, ಅಷ್ಟೇ. ಕೊನೆಯ ಒಂದು ಗಂಟೆಯ ಎಣ್ಣೆಗೆ ನಮ್ಮ ಮಾರಾಟದ ರೇಟಲ್ಲಿ ಇಪ್ಪತ್ತೈದು ರೂಪಾಯಿ ಸಿಗುತ್ತೆ, ಅದಕ್ಕೆ ಉರಿಸಿದ ಸೌದೆ ಹದಿನೈದು ಕೆಜಿ, ಕೊಂಡರೆ ಎಪ್ಪತ್ತೈದು ರೂಪಾಯಿ, ಜೊತೆಗೆ ಒಲೆ ಮುಂದೆ ಕೂತ ಆಳಿನ ಕೂಲಿ ಬೇರೆ. ಅವತ್ತಿನಿಂದ ಹನಿ ಶುರುವಾಗಿ ಎರಡು ಗಂಟೆಯಾದರೆ ಬೆಂಕಿ ಎಳೆಯುತ್ತೇನೆ. ಎಣ್ಣೆ ಸ್ವಲ್ಪ ಕಡಿಮೆ ಬಂತು, ದುಡ್ಡು ಉಳಿಯಿತು, ದಿನಕ್ಕೆ ಇನ್ನೊಂದು ಬ್ಯಾಚ್ ಕೂಡ ಹಿಡಿಯಿತು.

ಕೊಯ್ದ ಹುಲ್ಲನ್ನು ಒಂದು ದಿನ ನೆರಳಲ್ಲಿ ಬಾಡಿಸಿ. ಹಸಿ ಹುಲ್ಲು ತುಂಬಿದರೆ ನೀರನ್ನೇ ಕಾಯಿಸಿದ ಹಾಗೆ, ಬಾಡಿದ್ದಾದರೆ ಅದೇ ಡ್ರಮ್ಮಿಗೆ ಜಾಸ್ತಿ ಹಿಡಿಯುತ್ತೆ. ತುಂಬುವಾಗ ಅಂಚಿನಲ್ಲಿ ಚೆನ್ನಾಗಿ ತುಳಿಯಬೇಕು, ಇಲ್ಲದಿದ್ದರೆ ಆವಿ ಪಕ್ಕದಲ್ಲಿ ದಾರಿ ಮಾಡಿಕೊಂಡು ನಡುವಿನ ಹುಲ್ಲನ್ನು ಮುಟ್ಟದೆ ಹೋಗುತ್ತೆ.

ಯೂನಿಟ್‌ನ ದೊಡ್ಡ ದೋಷ ಕಂಡೆನ್ಸರ್, ಅಂದರೆ ಆವಿಯನ್ನು ತಣ್ಣೀರಲ್ಲಿ ತಣಿಸಿ ಹನಿ ಮಾಡುವ ಭಾಗ. ಈ ಡ್ರಮ್ಮಿಗೆ ಅದು ಚಿಕ್ಕದಾಯಿತು. ಮಾರ್ಚ್, ಏಪ್ರಿಲ್‌ನಲ್ಲಿ ತೊಟ್ಟಿ ನೀರು ಬಿಸಿಯಾಗಿ ಕೊಳವೆ ಬಾಯಲ್ಲಿ ಹೊಗೆಯ ಹಾಗೆ ಆವಿ ಬರುತ್ತೆ, ಶೆಡ್ ತುಂಬ ಘಮ ಅಂತ ಖುಷಿಪಡಬೇಡಿ, ಹೋಗುತ್ತಿರೋದು ಎಣ್ಣೆಯೇ. ಮಾರಿದವರಿಗೆ ಫೋನ್ ಮಾಡಿದರೆ "ಬೋರ್ ನೀರು ಜೋರಾಗಿ ಬಿಡಿ" ಅಂದರು. ಬೇಸಿಗೆಯಲ್ಲಿ ಎಲ್ಲಿಂದ ಬಿಡೋದು? ಮುಚ್ಚಳದ ಗ್ಯಾಸ್ಕೆಟ್ ಎರಡನೇ ವರ್ಷಕ್ಕೇ ಸೋರಿತು, ಮೈದಾ ಹಿಟ್ಟು ಕಲಸಿ ಮೆತ್ತಿ ನಡೆಸುತ್ತಿದ್ದೇವೆ. ಡ್ರಮ್ ಮಾತ್ರ ಗಟ್ಟಿ, ತುಕ್ಕಿಲ್ಲ, ಎಣ್ಣೆಯ ಬಣ್ಣ ಕೆಟ್ಟಿಲ್ಲ.

ಐದಕ್ಕೆ ಮೂರು ಕೊಡುತ್ತೇನೆ. ತೋಟದ ಸಿಲ್ವರ್ ಓಕ್ ಸವರಿದ ಸೌದೆ, ಕಾಫಿ ಗಿಡ ಸವರಿದ ಕಡ್ಡಿ ಮನೆಯಲ್ಲೇ ಇದ್ದರೆ ತಗೊಳ್ಳಿ. ಸೌದೆ ಕೊಂಡು, ಹುಲ್ಲೂ ಕೊಂಡು ಮಾಡೋದಾದರೆ ಬೇಡ. ತಗೊಳ್ಳುವವರು ಇನ್ನಷ್ಟು ದುಡ್ಡು ಹಾಕಿ ಕಂಡೆನ್ಸರ್ ಒಂದು ಸೈಜ್ ದೊಡ್ಡದೇ ಕೇಳಿ. ನಾನು ಈ ಬೇಸಿಗೆಗೆ ಮುಂಚೆ ಹಾಸನದಲ್ಲಿ ಬೇರೆ ಮಾಡಿಸುತ್ತಿದ್ದೇನೆ.