ನಾಯಿ ಇದ್ರೂ ತೊಂದರೆ ಇಲ್ಲ ಅನ್ನುವ ಓನರ್ ಮಾತು ನಂಬಿ ಅಡ್ವಾನ್ಸ್ ಕೊಡಬೇಡಿ

ಮಂಗಳೂರಲ್ಲಿ ನಾಯಿ, ಬೆಕ್ಕು ಇಟ್ಟುಕೊಂಡು ಬಾಡಿಗೆ ಮನೆ ಹುಡುಕುತ್ತಿರುವವರು ದಯವಿಟ್ಟು ಓದಿ. ಕದ್ರಿ ಕಡೆ ನಾವಿದ್ದ ಮನೆಯ ಓನರ್ ಅಡ್ವಾನ್ಸ್‌ನಲ್ಲಿ 35,000 ರೂಪಾಯಿ ಮುರಿದುಕೊಂಡಿದ್ದಾರೆ. ಕಾರಣ ನಮ್ಮ ನಾಯಿಯಂತೆ!

ಮನೆ ನೋಡಲು ಹೋದಾಗಲೇ ಪಿಂಟು ಜೊತೆಗಿತ್ತು. ಓನರ್ ಅದರ ತಲೆ ಸವರಿ 'ನಮ್ಮಲ್ಲೂ ನಾಯಿ ಇತ್ತು, ಎಂತ ತೊಂದರೆ ಇಲ್ಲ' ಅಂದರು. 11 ತಿಂಗಳ ಅಗ್ರಿಮೆಂಟ್ ಬಂದಾಗ ನೋಡಿದರೆ 'ಸಾಕುಪ್ರಾಣಿ ಇಡಕೂಡದು' ಅಂತ ಇತ್ತು. ಕೇಳಿದೆ. ಬ್ರೋಕರ್ ಎದುರೇ ಕೇಳಿದೆ. 'ಅದು ಟೈಪ್ ಮಾಡುವವರ ಫಾರ್ಮ್ಯಾಟ್ ಮಾರಾಯ್ರೆ, ಎಲ್ಲರಿಗೂ ಅದೇ. ನಾನು ಹೇಳ್ತಿದ್ದೇನಲ್ಲ?' ಅಂದರು. ಇಷ್ಟು ಹೇಳಿದ ಮೇಲೆ ಯಾರಾದರೂ ನಂಬುತ್ತಾರೆ ಅಲ್ವಾ?

ಇದ್ದಷ್ಟು ದಿನ ಒಂದು ತಕರಾರಿಲ್ಲ. ಬಂದಾಗಲೆಲ್ಲ ಪಿಂಟುಗೆ ಬಿಸ್ಕತ್ತು ಹಾಕುತ್ತಿದ್ದರು. ಖಾಲಿ ಮಾಡುವ ದಿನ ಕೀ ಕೈಗೆ ಸಿಕ್ಕಿದ್ದೇ ತಡ, ಮನುಷ್ಯನೇ ಬೇರೆ. ಬಾಗಿಲ ಬುಡದಲ್ಲಿ ಉಗುರಿನ ಗೀರು ಇತ್ತು. ನಮ್ಮ ನಾಯಿಯದ್ದು, ಪಾಲಿಶ್ ಖರ್ಚು ಕೊಡುತ್ತೇನೆ ಅಂತ ನಾನೇ ಹೇಳಿದ್ದೆ. ಆದರೆ ಬೆಡ್‌ರೂಮಿನ ಗೋಡೆ? ಮಳೆನೀರು ಇಳಿದು ಕಿಟಕಿಯ ಮೇಲುಗಡೆ ಪೇಂಟ್ ಗುಳ್ಳೆ ಎದ್ದಿತ್ತು, ಸುತ್ತ ಕಪ್ಪು ಬೂಷ್ಟು. ಜುಲೈಯಲ್ಲೇ ಫೋಟೋ ಕಳಿಸಿದ್ದೆ. 'ಮಳೆ ಬಿಡಲಿ, ನೋಡುವ' ಅಂತ ಅವರದೇ ಮೆಸೇಜ್ ಇದೆ. ಈಗ ಅದು ಒದ್ದೆ ನಾಯಿ ಮೈ ಉಜ್ಜಿದ್ದಂತೆ. ಕಿಟಕಿಯ ಮೇಲೆ!

ಮೆಸೇಜ್ ತೋರಿಸಿದೆ. 'ಅದೆಲ್ಲ ಬಿಡಿ, ನಾಯಿ ಇಡಬಾರದು ಅಂತ ಅಗ್ರಿಮೆಂಟಲ್ಲಿ ಉಂಟಲ್ಲ? ಸೈನ್ ನಿಮ್ಮದೇ ಅಲ್ವಾ?' ಅಂದರು. ಸಾಮಾನು ತುಂಬಿದ ಪಿಕಪ್ ಗೇಟಲ್ಲಿ ನಿಂತಿದೆ, ಅಕ್ಕಪಕ್ಕದವರು ನೋಡುತ್ತಿದ್ದಾರೆ. ಮೈಯೆಲ್ಲ ಉರಿದುಹೋಯಿತು. ಬ್ರೋಕರ್‌ಗೆ ಫೋನ್ ಮಾಡಿದರೆ 'ನನಗೆ ನೆನಪಿಲ್ಲ ಸಾರ್'. ಒಂದು ತಿಂಗಳ ಬಾಡಿಗೆ ಕಮಿಷನ್ ತಗೊಂಡದ್ದು ಮಾತ್ರ ನೆನಪಿರಬೇಕು!

ಸಾಕುನಾಯಿ ಇಡಬೇಡಿ ಅನ್ನುವಂತಿಲ್ಲ ಎನ್ನುವ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯನ್ನೂ ಓನರ್‌ಗೆ ಕಳಿಸಿದೆ. 'ಅದು ಅಪಾರ್ಟ್‌ಮೆಂಟ್ ಸಂಘದವರಿಗೆ, ನನಗಲ್ಲ' ಅಂದರು. ಪರಿಚಯದ ವಕೀಲರೂ ಅದನ್ನೇ ಹೇಳಿದರು. ಸಂಘ ನಾಯಿ ಬೇಡ ಅನ್ನುವಂತಿಲ್ಲ, ಆದರೆ ನಾವೇ ಸೈನ್ ಹಾಕಿದ ಕರಾರಿನ ಎದುರು ಬಾಯಿಮಾತು ನಿಲ್ಲುವುದು ಕಷ್ಟವಂತೆ. ಗೋಡೆಯ ವಿಷಯ ಬೇರೆ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲೇ ಇದೆ. ಅದಕ್ಕೆ ನೋಟಿಸ್ ಕಳಿಸುತ್ತಿದ್ದೇನೆ.

ನೀವು ಅಗ್ರಿಮೆಂಟಲ್ಲಿ 'ಸಾಕುಪ್ರಾಣಿ ಇಡಕೂಡದು' ಅನ್ನುವ ಸಾಲು ಹೊಡೆದುಹಾಕಿಸಿ, ಪಕ್ಕದಲ್ಲಿ ಇಬ್ಬರ ಸೈನ್ ಹಾಕಿಸಿ. ನಾಯಿ ಇದೆ ಅಂತ ಬರೆಸಿ. 'ಸುಮ್ನೆ ಯಾಕೆ' ಅಂದರೆ ಆ ಮನೆಯೇ ಬೇಡ. ನಾವು ಬಿಟ್ಟ ಮನೆ ಈಗ ಮತ್ತೆ ಬಾಡಿಗೆಗೆ ಇದೆ, ಅದೇ ಬ್ರೋಕರ್, 'ನಾಯಿ ಇದ್ರೂ ಓಕೆ' ಅಂತ ಹೇಳುತ್ತಿದ್ದಾನೆ.