ಟ್ರ್ಯಾಕ್ ಮೇಲೆ ಬೈಕ್ ಕಲಿಯಲು ನಾಲ್ಕು ದಾರಿ: ನಾನು ಓಡಿಸಿ ನೋಡಿದ ಹೋಲಿಕೆ

ಬೆಂಗಳೂರಿನಲ್ಲಿ ವೇಗದ ಬೈಕುಗಳಿಗೆ ಬರವಿಲ್ಲ. ಆದರೆ ಅವನ್ನು ಓಡಿಸಿ ಕಲಿಯಲು ದೊಡ್ಡ ರೇಸ್ ಸರ್ಕ್ಯೂಟ್ ಕರ್ನಾಟಕದಲ್ಲಿ ಇಲ್ಲ. ತಮಿಳುನಾಡಿಗೆ ಹೋಗಬೇಕು. ಒಂದು, ಚೆನ್ನೈಗೆ ಸ್ವಲ್ಪ ಮೊದಲೇ, ಶ್ರೀಪೆರಂಬದೂರು ಪಕ್ಕದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. ಈಗ ಹೆಸರು ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಬದಲಾಗಿದೆ, ನಾನು ಹಳೆಯ ಹೆಸರಿನಂತೆ ಎಂಎಂಆರ್‌ಟಿ ಅಂತಲೇ ಬರೆಯುತ್ತೇನೆ. 1990ರಲ್ಲಿ ಶುರುವಾದದ್ದು, ಸುಮಾರು 3.7 ಕಿಲೋಮೀಟರ್ ಉದ್ದ, 12 ತಿರುವು. ಇನ್ನೊಂದು, ಕೊಯಮತ್ತೂರು ಹತ್ತಿರ ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇ. ರೇಸರ್ ಎಸ್. ಕರಿವರ್ಧನ್ ಹೆಸರಿನಲ್ಲಿ 2003ರಲ್ಲಿ ತೆರೆದದ್ದು. ಉದ್ದ 2.1 ಕಿಲೋಮೀಟರ್ ಅಷ್ಟೇ.

ಈ ಎರಡು ಟ್ರ್ಯಾಕ್‌ಗಳಲ್ಲಿ ಹೊಸಬರಿಗೆ ಮೂರು ದಾರಿಗಳಿವೆ. ನಾಲ್ಕನೆಯದು ನಮ್ಮ ಕೋಲಾರದ ಹತ್ತಿರವೇ ಇದೆ, ಆದರೆ ಅದು ಮಣ್ಣಿನದು. ನಾಲ್ಕನ್ನೂ ಓಡಿಸಿ ನೋಡಿದ್ದೇನೆ. ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ಹೊಸಬರು ಮೊದಲು ರೇಸರ್‌ಗಳು ನಡೆಸುವ ಅಕಾಡೆಮಿಗೆ ಹೋಗಿ, ಅವರ ಸಣ್ಣ ಬೈಕ್ ಓಡಿಸಿ. ಆಮೇಲೆ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್. ಓಪನ್ ಟ್ರ್ಯಾಕ್ ಡೇ, ಅಂದರೆ ದುಡ್ಡು ಕಟ್ಟಿ ನಾವೇ ಓಡಿಸುವ ದಿನ, ಇವೆರಡೂ ಆದ ಮೇಲೆ. ಮಣ್ಣು ಯಾವಾಗಲಾದರೂ ಸರಿ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ನಾನು ಅಳೆದದ್ದು ಒಂದೇ ವಿಷಯ. ಟ್ರ್ಯಾಕ್‌ನಿಂದ ಪಿಟ್‌ಗೆ (ಪಕ್ಕದಲ್ಲಿ ಬೈಕ್ ನಿಲ್ಲಿಸುವ ಜಾಗ) ಬಂದು ಹೆಲ್ಮೆಟ್ ತೆಗೆದಾಗ, ಈಗಷ್ಟೇ ನಾನು ಮಾಡಿದ್ದನ್ನು ಯಾರು ಹೇಳುತ್ತಾರೆ, ಎಷ್ಟು ಬೇಗ ಹೇಳುತ್ತಾರೆ, ಎಷ್ಟು ಸ್ಪಷ್ಟವಾಗಿ ಹೇಳುತ್ತಾರೆ? ಬೈಕ್ ಯಾವುದು, ಟ್ರ್ಯಾಕ್ ಎಷ್ಟು ಉದ್ದ, ಸರ್ಟಿಫಿಕೇಟ್ ಯಾರು ಕೊಟ್ಟರು, ಇವೆಲ್ಲ ಆಮೇಲಿನ ಮಾತು.

ಅಕಾಡೆಮಿಯಿಂದಲೇ ಶುರು ಮಾಡುತ್ತೇನೆ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಓಡಿದವರು ನಡೆಸುವ ಇಂಥ ಶಾಲೆಗಳು ಕೆಲವು ಇವೆ. ಎಂಎಂಆರ್‌ಟಿಯಲ್ಲಿ ರಜಿನಿ ಕೃಷ್ಣನ್ ಅವರ ಅಕಾಡೆಮಿ ಹೆಸರುವಾಸಿ. ನಾನು ಹೋದದ್ದು ಕರಿಯಲ್ಲಿ ನಡೆದ ಬೇರೊಂದು ಶಿಬಿರಕ್ಕೆ. ಅಲ್ಲಿ ಬೈಕ್ ಅವರದ್ದೇ. ನೂರೈವತ್ತು ಇನ್ನೂರು ಸಿಸಿಯ ಗಾಡಿ, ಲೈಟು ಕನ್ನಡಿ ತೆಗೆದದ್ದು, ಹ್ಯಾಂಡಲ್ ಕೆಳಗಿಳಿಸಿದ್ದು, ಫುಟ್‌ಪೆಗ್ ಹಿಂದಕ್ಕೆ ಸರಿಸಿದ್ದು. ಇದನ್ನು ನೋಡಿ ಮುಖ ಸಣ್ಣ ಮಾಡಿಕೊಳ್ಳುವವರಿದ್ದಾರೆ. ಮನೆಯಲ್ಲಿ ಆರುನೂರು ಸಿಸಿ ಇಟ್ಟುಕೊಂಡವರಂತೂ ಜಾಸ್ತಿ. ಆದರೆ ಕಲಿಯುವವರಿಗೆ ಈ ಸಣ್ಣ ಎಂಜಿನ್ನೇ ದೊಡ್ಡ ವರ. ದೊಡ್ಡ ಬೈಕಿನಲ್ಲಿ ತಿರುವನ್ನು ಕೆಟ್ಟದಾಗಿ ದಾಟಿದರೂ ಸ್ಟ್ರೇಟ್‌ನಲ್ಲಿ, ಅಂದರೆ ನೇರ ದಾರಿಯಲ್ಲಿ, ಥ್ರಾಟಲ್ (ಎಕ್ಸಲರೇಟರ್) ತಿರುಗಿಸಿ ಎಲ್ಲವನ್ನೂ ಮುಚ್ಚಿಹಾಕಬಹುದು. ಸಣ್ಣದರಲ್ಲಿ ಆಗಲ್ಲ. ತಿರುವಿನಲ್ಲಿ ಕಳೆದುಕೊಂಡ ವೇಗ ಮುಂದಿನ ತಿರುವಿನ ತನಕ ವಾಪಸ್ ಬರುವುದೇ ಇಲ್ಲ. ಹಾಗಾಗಿ ತಿರುವನ್ನು ಸರಿಯಾಗಿ ದಾಟುವುದನ್ನು ಕಲಿಯಲೇಬೇಕಾಗುತ್ತದೆ.

ಬೆಳಿಗ್ಗೆ ಶುರುವಾಗುವುದು ಬಾವುಟಗಳಿಂದ. ಹಳದಿ ಅಂದರೆ ಮುಂದೆ ಅಪಾಯ, ಓವರ್‌ಟೇಕ್ ಮಾಡಬಾರದು. ಕೆಂಪು ಅಂದರೆ ಸೆಷನ್ ನಿಂತಿತು, ನಿಧಾನಕ್ಕೆ ಪಿಟ್‌ಗೆ ಬನ್ನಿ. ಹಳದಿ ಮೇಲೆ ಕೆಂಪು ಪಟ್ಟೆ ಅಂದರೆ ನೆಲ ಜಾರುತ್ತದೆ. ನೀಲಿ ಅಂದರೆ ಹಿಂದೆ ವೇಗದವರು ಬರುತ್ತಿದ್ದಾರೆ. ಆಮೇಲೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ಬೈಕಿನ ಮೇಲೆ ಕೂರಿಸಿ ಮೈ ಹೇಗೆ ಇಡಬೇಕು ಅಂತ ತೋರಿಸುತ್ತಾರೆ. ಅರ್ಧ ಸೊಂಟ ಸೀಟಿನಿಂದ ಹೊರಗೆ, ಹೊರಗಿನ ಮಂಡಿ ಟ್ಯಾಂಕಿಗೆ ಒತ್ತಿ, ಕೈ ಸಡಿಲ. ಮೈಭಾರವನ್ನು ಕಾಲು ಹೊರಬೇಕು, ಹ್ಯಾಂಡಲ್ ಅಲ್ಲ. ಟ್ರ್ಯಾಕ್ ಮೇಲೆ ಬ್ರೇಕ್ ಹಿಡಿಯುವ ಜಾಗ, ತಿರುವಿನ ಒಳತುದಿ, ಹೊರಬರುವ ಜಾಗಕ್ಕೆ ಕೋನ್ ಇಟ್ಟಿರುತ್ತಾರೆ. ಮೊದಲ ಸುತ್ತುಗಳಲ್ಲಿ ಕೋಚ್ ಮುಂದೆ, ನಾವು ಅವರ ಹಿಂದೆ ಸಾಲಾಗಿ.

ಕರಿ ಟ್ರ್ಯಾಕ್ ಚಿಕ್ಕದು ಅನ್ನುವುದು ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಅದೇ ತಿರುವು ಬೇಗ ಬೇಗ ಮತ್ತೆ ಎದುರಾಗುತ್ತದೆ. ಹೋದ ಸುತ್ತಿನಲ್ಲಿ ಏನು ಮಾಡಿದೆ ಅನ್ನುವುದು ಮರೆಯುವುದರೊಳಗೆ ಅದನ್ನೇ ಇನ್ನೊಮ್ಮೆ ಮಾಡಿ ನೋಡಬಹುದು. ಟ್ರ್ಯಾಕ್ ಬದಿಯಲ್ಲಿ ನಿಂತ ಕೋಚ್ ಮೂರು ನಾಲ್ಕು ತಿರುವುಗಳನ್ನು ಒಟ್ಟಿಗೆ ನೋಡಬಲ್ಲರು. ಸೆಷನ್ ಮುಗಿಸಿ ಬಂದ ಕೂಡಲೇ ನನಗೆ ಸಿಕ್ಕ ಮಾತು: "ಬ್ರೋ, ತಿರುವಿನ ಒಳಗಡೆ ನೋಡ್ತಾ ಇದ್ದೀರ. ಹೊರಗೆ ಬರೋ ಜಾಗ ನೋಡಿ, ಬೈಕ್ ತಾನೇ ಅಲ್ಲಿಗೆ ಹೋಗುತ್ತೆ." ಇಷ್ಟೇ. ಮುಂದಿನ ಸೆಷನ್‌ಗೆ ಇದೊಂದೇ ಕೆಲಸ. ಬೈಕ್ ಬಿದ್ದರೆ ರಿಪೇರಿ ದುಡ್ಡು ನಾವು ಕೊಡಬೇಕು, ಆದರೆ ಸಣ್ಣ ಬೈಕಿನ ಲಿವರ್, ಫುಟ್‌ಪೆಗ್ ಬೆಲೆ ನಿದ್ದೆ ಕೆಡಿಸುವಷ್ಟಲ್ಲ. ಆ ಧೈರ್ಯದಿಂದಲೇ ಕಲಿಕೆ ಬೇಗ ಆಗುತ್ತದೆ. ಕೊನೆಗೆ ಗ್ರಿಡ್ ಸ್ಟಾರ್ಟ್ (ರೇಸ್‌ನಂತೆ ಸಾಲಾಗಿ ನಿಂತು ಹೊರಡುವ) ಅಭ್ಯಾಸ, ಒಂದು ಅಣಕು ರೇಸ್ ಕೂಡ ಇರುತ್ತದೆ.

ಈಗ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್. ಕೀತ್ ಕೋಡ್ 1980ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಶಾಲೆ ಇದು. ಭಾರತದ ಶಿಬಿರಗಳು ಎಂಎಂಆರ್‌ಟಿಯಲ್ಲಿ ನಡೆಯುತ್ತಾ ಬಂದಿವೆ, ಕೋಚ್‌ಗಳು ಹೊರದೇಶದಿಂದ ಬರುತ್ತಾರೆ. ವರ್ಷವಿಡೀ ನಡೆಯಲ್ಲ. ದಿನಾಂಕ ಪ್ರಕಟವಾದಾಗಲೇ ಸೀಟು ಹಿಡಿಯಬೇಕು. ಶುಲ್ಕ ಅಕಾಡೆಮಿಗಿಂತ ಬಹಳ ಜಾಸ್ತಿ.

ಇಲ್ಲಿ ಕಲಿಸುವ ಕ್ರಮವೇ ಬೇರೆ. ಲೆವೆಲ್ ಒಂದರಲ್ಲಿ ಐದು ಪಾಠ, ಪ್ರತಿ ಪಾಠಕ್ಕೂ ಒಂದು ಟ್ರ್ಯಾಕ್ ಸೆಷನ್. ಥ್ರಾಟಲ್ ಕಂಟ್ರೋಲ್, ಟರ್ನ್ ಪಾಯಿಂಟ್, ಕ್ವಿಕ್ ಟರ್ನ್, ರೈಡರ್ ಇನ್‌ಪುಟ್, ಟೂ ಸ್ಟೆಪ್ ಟರ್ನ್. ಕ್ಲಾಸ್‌ನಲ್ಲಿ ಒಂದು ವಿಷಯ ಹೇಳುತ್ತಾರೆ, ಟ್ರ್ಯಾಕ್ ಮೇಲೆ ಅದೊಂದನ್ನೇ ಮಾಡಬೇಕು. ಮೊದಲ ಸೆಷನ್‌ನಲ್ಲಿ ಒಂದೇ ಗೇರ್, ಬ್ರೇಕ್ ಮುಟ್ಟುವಂತಿಲ್ಲ. ಕೇಳಿದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಓಡಿಸಿದಾಗ ಅರ್ಥ ಆಗುತ್ತದೆ. ಬ್ರೇಕ್ ಇಲ್ಲ ಅಂದಾಗ ತಿರುವಿಗೆ ಎಷ್ಟು ವೇಗದಲ್ಲಿ ಹೋಗಬೇಕು ಅಂತ ಮೊದಲೇ ಅಂದಾಜು ಮಾಡಲೇಬೇಕು. ಆ ಅಂದಾಜು ಕೂತರೆ ತಿರುವಿನ ಮಧ್ಯೆ ಗಾಬರಿಯಾಗುವ ಪ್ರಸಂಗವೇ ಬರಲ್ಲ.

ಥ್ರಾಟಲ್ ಪಾಠದ ತಿರುಳು ಇದು. ಬೈಕ್ ವಾಲಿ ದಾರಿ ಹಿಡಿದ ಮೇಲೆ ಥ್ರಾಟಲನ್ನು ನಯವಾಗಿ, ಒಂದೇ ಸಮನೆ, ನಿಲ್ಲಿಸದೆ ತೆರೆಯುತ್ತಾ ಹೋಗಬೇಕು. ಆಗ ಭಾರ ಮುಂದಿನ ಚಕ್ರದ ಮೇಲೆ ಸುಮಾರು 40, ಹಿಂದಿನದರ ಮೇಲೆ 60 ಪಾಲಿನಷ್ಟು ಹಂಚಿಕೆಯಾಗುತ್ತದೆ. ಹಿಂದಿನ ಟೈರು ಅಗಲ, ಅದು ಜಾಸ್ತಿ ಹೊರಬಲ್ಲದು. ತಿರುವಿನ ಮಧ್ಯೆ ಹೆದರಿ ಥ್ರಾಟಲ್ ಮುಚ್ಚಿದರೆ ಇದು ತಲೆಕೆಳಗಾಗುತ್ತದೆ. ಭಾರ ಮುಂದಿನ ಸಣ್ಣ ಟೈರಿನ ಮೇಲೆ ಬೀಳುತ್ತದೆ, ಬೈಕ್ ಹೊರಗೆ ಎಳೆಯುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಬೈಕುಗಳು ತಿರುವಿನಲ್ಲಿ ಎದುರು ಲೇನಿಗೆ ನುಗ್ಗುವುದರ ಹಿಂದೆ ಎಷ್ಟೋ ಸಲ ಈ ಗಾಬರಿಯೇ ಇರುತ್ತದೆ. ಈ ಒಂದು ಪಾಠಕ್ಕಾಗಿಯಾದರೂ ಆ ಶುಲ್ಕ ಕೊಡಬಹುದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಬೈಕನ್ನು ತಿರುಗಿಸುವ ಪಾಠವೂ ಹಾಗೆಯೇ. ಬಲಕ್ಕೆ ಹೋಗಬೇಕಾದರೆ ಬಲಗಡೆ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ವರ್ಷಗಟ್ಟಲೆ ಬೈಕ್ ಓಡಿಸಿದವರು ಇದನ್ನು ಗೊತ್ತಿಲ್ಲದೆಯೇ ಮಾಡುತ್ತಿರುತ್ತಾರೆ. ಗೊತ್ತಿದ್ದು ಮಾಡಿದಾಗ ಬೈಕ್ ಎಷ್ಟು ಚುರುಕಾಗಿ ವಾಲುತ್ತದೆ ಅಂದರೆ ಮೊದಲ ಸಲ ಬೆರಗಾಗುತ್ತದೆ. ಟ್ರ್ಯಾಕ್ ಮೇಲೆ ಎಲ್ಲಿ ತಿರುಗಿಸಬೇಕೋ ಅಲ್ಲಿ ಗುರುತು ಹಾಕಿರುತ್ತಾರೆ. ಕೋಚ್ ಸ್ವಲ್ಪ ಹೊತ್ತು ಹಿಂದೆ ಬಂದು ನೋಡುತ್ತಾರೆ. ಆಮೇಲೆ ಮುಂದೆ ಹೋಗಿ ತಮ್ಮ ಬೈಕಿನ ಹಿಂಭಾಗ ತಟ್ಟುತ್ತಾರೆ, ಅಂದರೆ ನನ್ನ ಹಿಂದೆ ಬಾ ಅಂತ. ಪಿಟ್‌ಗೆ ಬಂದಾಗ ಸುಮ್ನೆ "ಚೆನ್ನಾಗಿದೆ" ಅನ್ನಲ್ಲ. ಮೊದಲು ನಮ್ಮನ್ನೇ ಕೇಳುತ್ತಾರೆ: ಆ ತಿರುವಿನಲ್ಲಿ ಥ್ರಾಟಲ್ ಯಾವಾಗ ತೆರೆದಿರಿ? ಉತ್ತರ ಹುಡುಕುವಾಗಲೇ ಅರ್ಧ ಪಾಠ ಆಗಿರುತ್ತದೆ.

ಇಷ್ಟು ಚೆನ್ನಾಗಿದ್ದರೆ ಇದನ್ನೇ ಮೊದಲು ಯಾಕೆ ಮಾಡಬಾರದು? ಎರಡು ಕಾರಣ. ನಾನು ಅಲ್ಲಿಗೆ ನನ್ನದೇ ಬೈಕ್ ಒಯ್ದಿದ್ದೆ. ಸ್ವಂತ ಬೈಕ್ ಅಂದಾಗ ತಲೆಯ ಒಂದು ಮೂಲೆಯಲ್ಲಿ ಫೇರಿಂಗ್ (ಬೈಕಿನ ಹೊರ ಕವಚ) ಬೆಲೆ ಕೂತಿರುತ್ತದೆ. ಜೊತೆಗೆ ಎಂಎಂಆರ್‌ಟಿಯ ವೇಗವೂ ಜಾಸ್ತಿ. ಉದ್ದ ಸ್ಟ್ರೇಟ್ ಮುಗಿದ ತಕ್ಷಣ ಬರುವ ಸಿ1, ಅಂದರೆ ಮೊದಲ ತಿರುವು, ಹೊಸಬರ ಗಮನವನ್ನೆಲ್ಲ ನುಂಗಿಬಿಡುತ್ತದೆ. ಬಾವುಟ, ಪಿಟ್ ದಾರಿ, ಪಕ್ಕದಲ್ಲಿ ಹಾದುಹೋಗುವ ಬೈಕುಗಳು, ಇವೆಲ್ಲ ಅಭ್ಯಾಸವಾಗಿದ್ದರೆ ಮಾತ್ರ ಐದು ಪಾಠಗಳು ಪೂರ್ತಿ ಒಳಗೆ ಇಳಿಯುತ್ತವೆ. ಆ ಅಭ್ಯಾಸವನ್ನು ಅಕಾಡೆಮಿ ಕಡಿಮೆ ದುಡ್ಡಿನಲ್ಲಿ ಕೊಡುತ್ತದೆ.

ಓಪನ್ ಟ್ರ್ಯಾಕ್ ಡೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಡ್ಡು ಕಟ್ಟಿ, ಬೈಕ್ ತಂದು, ನಿಮ್ಮ ಗುಂಪಿನ ಸಮಯ ಬಂದಾಗ ಓಡಿಸಿ. ಕಲಿಸುವವರು ಯಾರೂ ಇಲ್ಲ. ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯದಿಲ್ಲ, ಕಲಿಯದವರಿಗೆ ಕೆಟ್ಟ ಚಾಳಿ ಗಟ್ಟಿಯಾಗುತ್ತದೆ. ನಾನು ಹೋದ ಒಂದು ಟ್ರ್ಯಾಕ್ ಡೇಯಲ್ಲಿ ಹೊಸಬರನ್ನೂ ಲೀಟರ್ ಬೈಕಿನವರನ್ನೂ (ಸಾವಿರ ಸಿಸಿಯವರು) ಒಂದೇ ಗುಂಪಿಗೆ ಸೇರಿಸಿದ್ದರು. ಪೂರ್ತಿ ಸೆಷನ್ ಹಿಂದಿನಿಂದ ಬರುವ ಸದ್ದು ಕೇಳುತ್ತಲೇ ಕಳೆಯಿತು. ದುಡ್ಡು ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಗುಂಪುಗಳನ್ನು ಅನುಭವ ನೋಡಿ ಮಾಡುತ್ತೀರಾ? ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ನಿಯಮ ಏನು? ಆಂಬುಲೆನ್ಸ್ ಮತ್ತು ಟ್ರ್ಯಾಕ್ ಬದಿಯ ಪ್ರತಿ ಪೋಸ್ಟಿನಲ್ಲಿ ಬಾವುಟ ತೋರಿಸುವ ಮಾರ್ಷಲ್ ಇರುತ್ತಾರಾ? ಉತ್ತರ ತಡವರಿಸಿದರೆ ಹೋಗಬೇಡಿ.

ನಾಲ್ಕನೆಯದು ಕೋಲಾರ ಹತ್ತಿರದ ಬಿಗ್ ರಾಕ್ ಡರ್ಟ್‌ಪಾರ್ಕ್. ಮರುಭೂಮಿಯಲ್ಲಿ ನಡೆಯುವ ಡಕಾರ್ ರ‍್ಯಾಲಿಯನ್ನು 2015ರಲ್ಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಜಾಗ. ರಾಯಲ್ ಎನ್‌ಫೀಲ್ಡ್‌ನ ಸ್ಲೈಡ್ ಸ್ಕೂಲ್ ನಡೆದದ್ದೂ ಇಲ್ಲಿಯೇ, ಹಿಮಾಲಯನ್‌ನ 411 ಸಿಸಿ ಎಂಜಿನ್ ಇರುವ ಫ್ಲ್ಯಾಟ್ ಟ್ರ್ಯಾಕ್ ಬೈಕುಗಳಲ್ಲಿ. ಫ್ಲ್ಯಾಟ್ ಟ್ರ್ಯಾಕ್ ಅಂದರೆ ಮಣ್ಣಿನ ಮೇಲೆ ಬರೀ ಎಡಕ್ಕೆ ತಿರುಗುವ ಓಟ. ಎಡ ಬೂಟಿನ ಕೆಳಗೆ ಉಕ್ಕಿನ ತಟ್ಟೆ ಕಟ್ಟಿಕೊಂಡು, ಕಾಲು ಚಾಚಿ, ಹಿಂದಿನ ಚಕ್ರವನ್ನು ಜಾರಿಸುತ್ತಾ ತಿರುಗಬೇಕು. ಟಾರ್ ಮೇಲೆ ಟೈರು ಜಾರಿದರೆ ಯೋಚನೆಗೆ ಸಮಯ ಇರಲ್ಲ. ಇಲ್ಲಿ ಕಡಿಮೆ ವೇಗದಲ್ಲಿ, ಮತ್ತೆ ಮತ್ತೆ, ಬೇಕೆಂದೇ ಜಾರಿಸುತ್ತೇವೆ. ಜಾರುವುದು ಅಂದರೆ ಬೀಳುವುದು ಅಂತಲ್ಲ ಅನ್ನುವುದು ಮೈಗೆ ಗೊತ್ತಾಗುತ್ತದೆ. ಮೋಟೋಜಿಪಿ ಚಾಂಪಿಯನ್‌ಗಳಾದ ಮಾರ್ಕ್ ಮಾರ್ಕೆಜ್ ಮಣ್ಣಿನಲ್ಲಿ ಅಭ್ಯಾಸ ಮಾಡುವುದು, ವ್ಯಾಲೆಂಟಿನೋ ರೋಸ್ಸಿ ತನ್ನ ಊರು ತವುಲ್ಲಿಯಾದಲ್ಲಿ ಮಣ್ಣಿನ ಟ್ರ್ಯಾಕನ್ನೇ ಮಾಡಿಕೊಂಡಿರುವುದು ಸುಮ್ನೆ ಅಲ್ಲ. ಬೆಂಗಳೂರಿನವರಿಗೆ ಇದು ಬೆಳಿಗ್ಗೆ ಹೋಗಿ ಸಂಜೆ ಬರುವ ದೂರ. ಆದರೆ ರೇಸಿಂಗ್ ಲೈನ್ (ತಿರುವನ್ನು ವೇಗವಾಗಿ ದಾಟುವ ದಾರಿ), ಬಾವುಟ, ವೇಗದ ಬ್ರೇಕಿಂಗ್ ಇಲ್ಲಿ ಸಿಗಲ್ಲ. ಅದಕ್ಕೆ ಟಾರ್ ಬೇಕೇ ಬೇಕು.

ಸ್ವಂತ ಬೈಕ್ ಒಯ್ಯುವವರು ಗಮನಿಸಬೇಕಾದದ್ದು ಇನ್ಶೂರೆನ್ಸ್. ಸಾಮಾನ್ಯ ವಾಹನ ಪಾಲಿಸಿಯಲ್ಲಿ ರೇಸಿಂಗ್, ವೇಗ ಪರೀಕ್ಷೆಗೆ ರಕ್ಷಣೆ ಇರಲ್ಲ. ಟ್ರ್ಯಾಕ್ ಮೇಲೆ ಆದ ಹಾನಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಚೆನ್ನೈ ತನಕ ಅದೇ ಬೈಕ್ ಓಡಿಸಿಕೊಂಡು ಹೋಗುವ ಬದಲು ಇಬ್ಬರು ಮೂವರು ಸೇರಿ ಪಿಕಪ್ ಗಾಡಿ ಮಾಡಿಕೊಳ್ಳಿ. ಮುನ್ನೂರು ಕಿಲೋಮೀಟರ್ ಹೈವೇ ಓಡಿಸಿ ದಣಿದ ಮೈ ಮಧ್ಯಾಹ್ನದ ಹೊತ್ತಿಗೆ ಕೈಕೊಡುತ್ತದೆ, ಅಲ್ಲಿನ ಬಿಸಿಲು ಬೇರೆ. ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಇಟ್ಟುಕೊಂಡಿರಿ.

ಮೈಗೆ ಹಾಕುವ ರಕ್ಷಣಾ ಗೇರ್ ವಿಷಯದಲ್ಲಿ ಚೌಕಾಸಿ ಬೇಡ. ಒಂದೇ ತುಂಡಿನ ಲೆದರ್ ಸೂಟ್, ಇಲ್ಲವೇ ಸೊಂಟದ ಸುತ್ತ ಪೂರ್ತಿ ಜಿಪ್ ಆಗುವ ಎರಡು ತುಂಡಿನದು. ಮಣಿಕಟ್ಟು ದಾಟುವ ಗ್ಲೌಸ್, ಕಣಕಾಲು ಮುಚ್ಚುವ ಬೂಟು, ಬೆನ್ನಿಗೂ ಎದೆಗೂ ಪ್ರೊಟೆಕ್ಟರ್, ಫುಲ್ ಫೇಸ್ ಹೆಲ್ಮೆಟ್. ಸೂಟ್ ಬಾಡಿಗೆಗೆ ಸಿಗುತ್ತದೆ, ಮೊದಲ ಸಲಕ್ಕೆ ಅದು ಸಾಕು. ಹೆಲ್ಮೆಟ್ ಮಾತ್ರ ಸ್ವಂತದ್ದೇ, ತಲೆಗೆ ಸರಿಯಾಗಿ ಕೂರುವಂಥದ್ದು ಇರಲಿ. 2023ರ ಆಗಸ್ಟ್‌ನಲ್ಲಿ ಎಂಎಂಆರ್‌ಟಿಯ ರೇಸ್ ಒಂದರಲ್ಲಿ ನಮ್ಮ ಬೆಂಗಳೂರಿನ 13 ವರ್ಷದ ಹುಡುಗ ಬಿದ್ದು ತೀರಿಕೊಂಡ. ತುಂಬಾ ಪ್ರತಿಭೆ ಇದ್ದ ಮಗು. ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಗೇರ್ ಎಲ್ಲ ಅಪಾಯವನ್ನೂ ತಡೆಯಲ್ಲ, ಟ್ರ್ಯಾಕ್ ಕೂಡ ಅಪಾಯದ ಜಾಗವೇ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ವೈದ್ಯಕೀಯ ವ್ಯವಸ್ಥೆ, ಒಂದು ಗುಂಪಿನಲ್ಲಿ ಎಷ್ಟು ಜನ, ಕೋಚ್ ಯಾರು ಅನ್ನುವುದನ್ನು ಖುದ್ದು ಹೋಗಿ ನೋಡಲಿ.

ಇಷ್ಟೆಲ್ಲ ಆದ ಮೇಲೂ ರೇಸ್ ಮಾಡಬೇಕು ಅನಿಸಿದರೆ ದೇಶದ ಮೋಟಾರ್ ಸ್ಪೋರ್ಟ್ ಸಂಸ್ಥೆಯಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಅಕಾಡೆಮಿ ಸೇರುವಾಗಲೇ ಅವರ ಸರ್ಟಿಫಿಕೇಟ್ ಲೈಸೆನ್ಸ್‌ಗೆ ನಡೆಯುತ್ತದಾ ಅಂತ ಕೇಳಿಕೊಳ್ಳಿ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ನಲ್ಲಿ ಹೊಸಬರಿಗೆ 165 ಸಿಸಿ ನಾವಿಸ್ ವಿಭಾಗ ಇದೆ. ಆದರೆ ಜೇಬಿಗೆ ಹಗುರವಾದ ಬಾಗಿಲು ಒನ್ ಮೇಕ್ ರೇಸ್. 1994ರಿಂದ ನಡೆಯುತ್ತಿರುವ ಟಿವಿಎಸ್ ಒನ್ ಮೇಕ್, 2021ರಲ್ಲಿ ಶುರುವಾದ ರಾಯಲ್ ಎನ್‌ಫೀಲ್ಡ್‌ನ ಕಾಂಟಿನೆಂಟಲ್ ಜಿಟಿ ಕಪ್, ಇಂಥವು. ಎಲ್ಲರಿಗೂ ಕಂಪನಿಯದ್ದೇ ಒಂದೇ ಥರದ ಬೈಕ್. ಒಳಗೆ ಹೋಗಲು ಆಯ್ಕೆ ಸುತ್ತು ಇರುತ್ತದೆ. ಅಲ್ಲಿ ಗೊತ್ತಿಲ್ಲದ ಬೈಕಿನ ಮೇಲೆ ಕೆಲವೇ ಸುತ್ತುಗಳಲ್ಲಿ ಲ್ಯಾಪ್ ಟೈಮ್ ತೋರಿಸಬೇಕು. ಅಕಾಡೆಮಿಯ ಸಣ್ಣ ಬೈಕಿನಲ್ಲಿ ಕಲಿತವರಿಗೆ ಅಲ್ಲಿ ಕೈ ಬೇಗ ಕೂರುತ್ತದೆ.