ಆನ್‌ಲೈನ್ ಮುಲಾಖಾತ್: ಝೆರಾಕ್ಸ್ ಅಂಗಡಿಯವನ ರಿವ್ಯೂ

ತಾಲೂಕು ಕೋರ್ಟ್ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಹಣಿ, ಅಫಿಡವಿಟ್ ಟೈಪಿಂಗ್, ಪ್ಯಾನ್ ಕಾರ್ಡ್ ಎಲ್ಲ ಮಾಡುತ್ತೇನೆ. ಇತ್ತೀಚೆಗೆ ಇನ್ನೊಂದು ಕೆಲಸ ಸೇರಿಕೊಂಡಿದೆ, ಆನ್‌ಲೈನ್ ಮುಲಾಖಾತ್, ಅಂದರೆ ಜೈಲಲ್ಲಿ ಇರುವವರನ್ನು ಅವರ ಮನೆಯವರ ಜೊತೆ ವಿಡಿಯೋದಲ್ಲಿ ಮಾತಾಡಿಸುವುದು. ಸೇವೆ ಸರ್ಕಾರದ್ದು, ಪೂರ್ತಿ ಫ್ರೀ. ನಾನು 30 ರೂಪಾಯಿ ತಗೊಳ್ಳುತ್ತೇನೆ, ಅದನ್ನೇನೂ ಮುಚ್ಚಿಡಲ್ಲ. ವಾರಕ್ಕೆ ನಾಲ್ಕೈದು ಬುಕಿಂಗ್ ಮಾಡುವವನಾಗಿ ಬರೆಯುತ್ತಿದ್ದೇನೆ.

ಐದಕ್ಕೆ ಮೂರು ಸ್ಟಾರ್.

ಆ ಮೂರು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಜೈಲು ಇರುವುದು ಜಿಲ್ಲಾ ಕೇಂದ್ರದಲ್ಲಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ, ನಿಜ. ಆದರೆ ಬೆಳಗ್ಗೆ ಆರರ ಬಸ್ ಹಿಡಿದು, ಗೇಟ್ ಹತ್ತಿರ ಚೀಟಿ ಬರೆಸಿ, ತಂದ ಚೀಲ ಬಿಚ್ಚಿ ತೋರಿಸಿ, ಸರದಿ ಬರುವವರೆಗೆ ಬಿಸಿಲಲ್ಲಿ ಕೂತು, ಕೊನೆಗೆ ಜಾಲರಿ ಆಚೆಗೆ ಹತ್ತು ನಿಮಿಷ ಕೂಗಿ ಮಾತಾಡಿ ವಾಪಸ್ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಯ್ತು ಅಲ್ವಾ? ವಿಡಿಯೋ ಆದರೆ ಅರ್ಧ ಗಂಟೆಯ ಕೆಲಸ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬಂದು, ಮಾತಾಡಿ, ಮತ್ತೆ ಹೊಲಕ್ಕೆ ಹೋಗುತ್ತಾರೆ.

ಇನ್ನು ತಲೆನೋವು. ಓಟಿಪಿ ಬರುವುದು ಇಮೇಲ್‌ಗೆ. ಬರುವವರ ಕೈಯಲ್ಲಿ ಕೀಪ್ಯಾಡ್ ಫೋನು. ಹಾಗಾಗಿ ಎಲ್ಲರಿಗೂ ನನ್ನ ಮೇಲ್ ಐಡಿನೇ ಕೊಟ್ಟುಕೊಂಡು ಬಂದಿದ್ದೆ. ಮೇಲ್ ತೆಗೆದರೆ ಯಾರ ಮಗ ಯಾವ ಜೈಲಲ್ಲಿ ಇದ್ದಾನೆ ಅನ್ನೋದೆಲ್ಲ ನನ್ನ ಕಣ್ಣ ಮುಂದೆ. ಸರಿಯಲ್ಲ ಅಂತ ಗೊತ್ತು. ಹೆಸರಿನ ಗೋಳು ಬೇರೆ. ಆಧಾರ್‌ನಲ್ಲಿ ಹನುಮಂತ, ಎಫ್‌ಐಆರ್‌ನಲ್ಲಿ ಹನುಮಂತಪ್ಪ. ಹೊಂದಲಿಲ್ಲ ಅಂತ ಬುಕಿಂಗ್ ರಿಜೆಕ್ಟ್ ಆಗಿ ಬಂದದ್ದೂ ಇದೆ.

ನನ್ನ ಗಿರಾಕಿಗಳಲ್ಲಿ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ಮಗನ ಮೇಲೆ ಬೈಕ್ ಕಳವಿನ ಕೇಸು. ನಾನು ಮೊದಲ ಸಲ ಬುಕ್ ಮಾಡುವಾಗ ವಿಚಾರಿಸಿದೆ, ಬೇಲ್‌ಗೆ ಹಾಕಿಲ್ವಾ ಅಕ್ಕಾ ಅಂತ. "ಬೇಲ್ ಆಗಿ ಮೂರು ತಿಂಗಳಾಯ್ತಣ್ಣ" ಅಂದರು. ನಾನು ಸುಮ್ನೆ ಮುಖ ನೋಡಿದೆ.

ವಿಷಯ ಏನಪ್ಪಾ ಅಂದರೆ, ಬೇಲ್ ಸಿಕ್ಕಿದೆ, ಶ್ಯೂರಿಟಿ, ಅಂದರೆ ಇವನು ವಾಯಿದೆಗೆ ಬರುತ್ತಾನೆ ಅಂತ ಹೊಣೆ ನಿಲ್ಲುವವರು ಸಿಕ್ಕಿಲ್ಲ. ಪಹಣಿ ಇರುವ ಇಬ್ಬರು ಬೇಕು. ಅವರ ಕೇರಿಯಲ್ಲಿ ಯಾರ ಹೆಸರಿಗೂ ಜಮೀನಿಲ್ಲ. ಜಮೀನು ಇರುವುದು ಇವರು ಕೂಲಿಗೆ ಹೋಗುವ ಗೌಡರ ಹತ್ತಿರ. ಕೇಳಿದ್ದಕ್ಕೆ, "ನಿನ್ನ ಮಗ ವಾಯಿದೆಗೆ ಬರದಿದ್ದರೆ ನಾನು ಕೋರ್ಟ್ ಅಲೀಬೇಕಾ?" ಅಂದರಂತೆ. ದುಡ್ಡಿಗೆ ಶ್ಯೂರಿಟಿ ನಿಲ್ಲುವವರೂ ಇದ್ದಾರೆ, ಅವರ ಪಹಣಿ ಝೆರಾಕ್ಸ್ ಆಗುವುದೂ ನನ್ನ ಅಂಗಡಿಯಲ್ಲೇ. ಆ ರೇಟು ಅಕ್ಕನಿಗೆ ಎಟುಕಲ್ಲ.

ಇದು ಹೊಸ ಕಥೆಯೇನಲ್ಲ. 1978ರಲ್ಲೇ ಮಧ್ಯಪ್ರದೇಶದ ಮೋತಿರಾಮ್ ಅನ್ನೋ ಗಾರೆ ಕೆಲಸದವನಿಗೆ ಕೆಳಗಿನ ಕೋರ್ಟು 10,000 ರೂಪಾಯಿ ಶ್ಯೂರಿಟಿ ಕೇಳಿತ್ತು, ಒಡಹುಟ್ಟಿದವನು ಶ್ಯೂರಿಟಿ ನಿಲ್ಲುತ್ತೇನೆ ಅಂದರೂ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನ ಜಡ್ಜ್ ಕೃಷ್ಣ ಅಯ್ಯರ್ ಅದು ತಪ್ಪು ಅಂದರು. 2023ರ ಜನವರಿಯಲ್ಲಿ ಅದೇ ಕೋರ್ಟು ಮತ್ತೆ ಹೇಳಿತು: ಬೇಲ್ ಆಗಿ ಒಂದು ತಿಂಗಳಾದರೂ ಬಾಂಡ್ ಕೊಡಲು ಆಗಿಲ್ಲ ಅಂದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟೇ ನೋಡಬಹುದು. ಅದೇ ವರ್ಷ ಕೇಂದ್ರ ಸರ್ಕಾರ, ಬೇಲ್ ಹಣ ಕಟ್ಟಲಾಗದ ಬಡ ಕೈದಿಗಳಿಗೆ ನೆರವು ಕೊಡುವ ಯೋಜನೆಯನ್ನೂ ತಂದಿತು, ಆಗ ಮಿತಿ 40,000 ರೂಪಾಯಿ ಇತ್ತು. ಇದ್ಯಾವುದನ್ನೂ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಎರಡು ಮೇಕೆ ಮಾರಿ ಫೀಸು ಕೊಟ್ಟ ವಕೀಲರೂ ಹೇಳಿರಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ದರು, ಜಾಗ ಇದ್ದದ್ದು 4,36,266 ಜನಕ್ಕೆ. ನೂರಕ್ಕೆ ಸುಮಾರು 76 ಜನರ ಮೇಲೆ ಅಪರಾಧ ಇನ್ನೂ ಸಾಬೀತೇ ಆಗಿರಲಿಲ್ಲ. ಅದರಲ್ಲಿ ದಲಿತರು, ಆದಿವಾಸಿಗಳು, ಹಿಂದುಳಿದವರೇ ಮೂರರಲ್ಲಿ ಎರಡು ಪಾಲು. ನನಗೆ ಈ ಲೆಕ್ಕ ನೋಡಿ ಆಶ್ಚರ್ಯ ಆಗಲಿಲ್ಲ. ನನ್ನ ಬುಕಿಂಗ್ ಪುಸ್ತಕ ತೆಗೆದರೆ ಎರಡೇ ಕೇರಿ ಹೆಸರು ತಿರುಗಿ ತಿರುಗಿ ಬರುತ್ತವೆ.

ಒಬ್ಬ ಒಳಗೆ ಹೋದರೆ ಮನೆಯವರಿಗೆಲ್ಲ ಶಿಕ್ಷೆ. ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ ಪಾಸಾಗಿದ್ದಳು, ಈಗ ಹೂ ಕೀಳಲು ಹೋಗುತ್ತಾಳೆ. ಮಂಗಳವಾರ ಸಂಘದ ಕಂತು ಕಟ್ಟಲೇಬೇಕು, ಅದಕ್ಕೇ ಮಂಗಳವಾರದ ಸ್ಲಾಟ್ ಮಾತ್ರ ಬೇಡ ಅಂತಾರೆ.

ಮೊದಲ ಕಾಲ್ ದಿನ ಎರಡು ನಿಮಿಷ ದನಿಯೇ ಬರಲಿಲ್ಲ. ಅಕ್ಕ ನನ್ನ ಫೋನ್ ಎಷ್ಟು ಹತ್ತಿರ ಹಿಡಿದಿದ್ದರು ಅಂದರೆ ಮಗನಿಗೆ ಕಂಡದ್ದು ಹಣೆ, ಕುಂಕುಮ ಅಷ್ಟೇ. ದನಿ ಬಂದ ಮೇಲೆ ಅವನು ಕೇಳಿದ್ದು ಮೇಕೆಗಳ ಬಗ್ಗೆ. "ಅವ್ವ, ಮೇಕೆ ಹೆಂಗವೆ?" ಅಕ್ಕ ನನ್ನ ಕಡೆ ಒಂದು ಸಲ ನೋಡಿದರು. "ಚೆನ್ನಾಗವೆ ಕಣಪ್ಪ, ಮೇಯಾಕೆ ಹೋಗವೆ" ಅಂದರು. ಆಮೇಲೆ ಊಟ ಆಯ್ತಾ, ಜ್ವರ ಬಿಡ್ತಾ ಅನ್ನುವಷ್ಟರಲ್ಲಿ ಕಟ್ ಆಯ್ತು. ಅವತ್ತು ನಾನು 30 ತಗೊಳ್ಳಲಿಲ್ಲ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಕೈ ಚಾಚಲು ಆಗಲಿಲ್ಲ.

ಬಳಸುವವರಿಗೆ ಒಂದು ಮಾತು. ಎಫ್‌ಐಆರ್ ಝೆರಾಕ್ಸ್ ತನ್ನಿ, ಹೆಸರು ಅದರಲ್ಲಿ ಇರುವ ಹಾಗೇ ತುಂಬಿ. ಶ್ಯೂರಿಟಿ ತೊಂದರೆ ಇದ್ದರೆ 15100ಕ್ಕೆ ಫೋನ್ ಮಾಡಿ, ಉಚಿತ ಕಾನೂನು ನೆರವಿನ ನಂಬರ್ ಅದು. ಜೈಲಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಲ್ಲೇ ವಕೀಲರು ಸಿಗುತ್ತಾರೆ, 1987ರ ಕಾನೂನಿನಲ್ಲೇ ಇದೆ. ಅಕ್ಕನ ಕೈಯಲ್ಲಿ ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿಸಿದ್ದೇವೆ, ವಾಯಿದೆ ಮುಂದಿನ ತಿಂಗಳು.

ಅಲ್ಲಿವರೆಗೆ ವಿಡಿಯೋನೇ ಗತಿ. ಶುಕ್ರವಾರಕ್ಕೆ ಮತ್ತೆ ಬುಕ್ ಆಗಿದೆ. ಈ ಸಲ ಮೇಲ್ ಐಡಿ ಅಕ್ಕನದೇ, ಕೂತು ಮಾಡಿಕೊಟ್ಟೆ. ಪಾಸ್‌ವರ್ಡ್ ಏನಿಡಲಿ ಅಂದರೆ ಮಾರಿದ ಮೇಕೆಯ ಹೆಸರು ಹೇಳಿದರು. ಯಾವುದು ಅಂತ ಇಲ್ಲಿ ಬರೆಯಲ್ಲ.